ಸತ್ವಾದ ಕೆಂಪು ನಲ್ಲಿ

ಬೇಸಿಗೆಯಲ್ಲಿ ಈ ಗಲ್ಫ್ ಊರಿನ ಸತ್ವಾ ಬಡಾವಣೆಯ ತಣ್ಣೀರಿನ ನಲ್ಲಿಯಲ್ಲಿ ಸುಡುನೀರು ಬರುತ್ತದೆ; ಟ್ಯಾಂಕಿ ತಾರಸಿಯ ಬಿಸಿಲಿನಲ್ಲಿದೆ. ಅದಕ್ಕೇ ಅಣ್ಣ ಬಚ್ಚಲಿನ ಹೀಟರ್ ಆಫ್ ಮಾಡಿ, ರಾತ್ರಿಯಿಡೀ ಅದರೊಳಗೆ ನೀರು ತಣಿಯಲು ಬಿಡುತ್ತಾನೆ.

"ಹೀಟರಿನ ಕೆಂಪು ನಲ್ಲಿ ತಿರುಗಿಸು ಮಾರಾಯ, ಇಲ್ಲಿ ಎಲ್ಲ ಉಲ್ಟಾ. ನಂಗೆ ಅರ್ಧ ಉಳಿಸು," ಎಂದ, ಸ್ನಾನಕ್ಕೆ ಹೊರಟ ನನಗೆ. ಅವನಿಗೆ ಗ್ಯಾರೇಜಿಗೆ ಹೊರಡಬೇಕಿತ್ತು.

ನಿನ್ನೆಯಷ್ಟೇ ಊರಿನಿಂದ ಬಂದ ನಾನು ಹಾಯೆನಿಸಿ ಎಲ್ಲವನ್ನೂ ಸುರಿದುಕೊಂಡೆ. ಖಾಲಿಯಾಯಿತೆಂದು ಹೇಳಲು ಬಾಯಿ ಬರಲಿಲ್ಲ. ಆಮೇಲೆ ಒಳಗೆ ಹೋದ ಅಣ್ಣ ಮೊದಲ ಚೊಂಬಿಗೇ 'ಸ್ಸ್' ಎಂದದ್ದು ಕೇಳಿಸಿತು. ಹೊರಬಂದಾಗ ಬೆನ್ನು ಕೆಂಪಾಗಿತ್ತು.

"ತಣ್ಣೀರು ಉಳಿದಿತ್ತಾ ಅಣ್ಣ?"

"ಬೇಕಾದಷ್ಟಿತ್ತು," ಎನ್ನುತ್ತ ಅಂಗಿ ತೊಟ್ಟ. "ಅಮ್ಮ ಫೋನ್ ಮಾಡಿದ್ರೆ ಹೇಳು, ಇಲ್ಲಿ ಸ್ನಾನಕ್ಕೆ ಒಲೆಗೆ ಬೆಂಕಿ ಹಾಕುವ ಕೆಲಸವೇ ಇಲ್ಲ ಅಂತ."