ನೆಲದಿಂದ ಒಂದು ಗೇಣು

ನನ್ನ ತಂಗಿ ತೊಟ್ಟಿಲಿನಿಂದ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಹಳ ವರ್ಷ ಹಾಗೆಂದೇ ನಂಬಿದ್ದೆ. ಕೂಡ್ಲಿಗಿಯ ಹೊಸಹಳ್ಳಿ ಕಡೆಯ ನಮ್ಮ ಹಳ್ಳಿಮನೆ, ಪಡಸಾಲೆಯ ತೊಲೆ, ತೊಲೆಗೆ ಕಟ್ಟಿದ್ದ ಹಗ್ಗ, ಹಗ್ಗ ಹರಿದ ಸದ್ದು, ಆಮೇಲೆ ಒಂದು ಅಳು. ಆಗ ನನಗೆ ನಾಲ್ಕು ವರ್ಷವೋ ಐದೋ. ಅದರಲ್ಲಿ ಕಂಡದ್ದೆಷ್ಟು, ಯಾರೋ ಹೇಳಿದ್ದನ್ನು ಆಮೇಲೆ ಕಂಡಂತೆ ಮಾಡಿಕೊಂಡದ್ದೆಷ್ಟು ಎಂದು ನಾನು ಕೇಳಿಕೊಂಡಿರಲಿಲ್ಲ. ಧಾರವಾಡದಲ್ಲಿ ಇತಿಹಾಸ ಎಂ.ಎ. ಮಾಡಿ ಬಂದು ಕೊಟ್ಟೂರಿನಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳುತ್ತಿದ್ದೆ. ಎರಡನೆಯ ಸಾಕ್ಷಿ ಇಲ್ಲದೆ ಯಾವ ಮಾತನ್ನೂ ನಂಬಬೇಡಿ ಎನ್ನುತ್ತಿದ್ದೆ. ಆ ಪಾಠ ನಮ್ಮ ಮನೆಯ ಪಡಸಾಲೆಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಹೊಳೆದದ್ದು ಮಗಳು ಹುಟ್ಟಿದ ವರ್ಷ, ತೊಂಬತ್ತರ ದಶಕದ ಕೊನೆಯಲ್ಲಿ. ಚೊಚ್ಚಲ ಹೆರಿಗೆಯಾದ್ದರಿಂದ ಹೆಂಡತಿ ಹಡಗಲಿಯ ತವರಿನಲ್ಲಿದ್ದಳು. ಹೆಸರಿಡುವ ದಿನ ಹೋದಾಗ ಅವರ ನಡುಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಹಿತ್ತಾಳೆಯ ಸರಪಳಿ, ತೇಗದ ಪಟ್ಟಿ. ನನ್ನ ಹೆಂಡತಿಯೂ ಅವಳ ಅಣ್ಣಂದಿರೂ ಮಲಗಿ ಬೆಳೆದದ್ದು ಅದರಲ್ಲೇ. ಮೊದಲು ಗುಂಡುಕಲ್ಲಿಗೆ ಕುಲಾಯಿ ಕಟ್ಟಿ, ಅದನ್ನೇ ಕೂಸೆಂಬಂತೆ ಮಲಗಿಸಿ ತೂಗಿದರು. ಆಮೇಲೆ ಮಗಳ ಸರದಿ. ಹೆಂಗಸರೆಲ್ಲ ಕೂಸನ್ನು ನೋಡುತ್ತಿದ್ದರೆ ನಾನು ಮೇಲಿನ ಕೊಂಡಿಯನ್ನು ನೋಡುತ್ತ ನಿಂತಿದ್ದೆ.

ನನ್ನ ಮಾವ ಅದನ್ನು ಗಮನಿಸಿದರು. ಆ ಕೊಂಡಿಗೆ ಎತ್ತು ಕಟ್ಟಿದರೂ ತಡೆಯುತ್ತದೆ ಎಂದರು. ಬಾಣಂತಿಯನ್ನು ಕಳಿಸುವಾಗ ತೊಟ್ಟಿಲನ್ನೂ ಜೊತೆಗೆ ಕಳಿಸುವುದು ಅವರ ಮನೆಯ ಪದ್ಧತಿ. ನಾನು ಬೇಡವೆಂದೆ. ಯಾಕೆಂದು ಕೇಳಿದಾಗ ತಂಗಿ ಬಿದ್ದ ಕಥೆ ಹೇಳಿದೆ. ನೇತುಬಿಟ್ಟದ್ದು ಯಾವುದೂ ನಮ್ಮ ಮನೆಗೆ ಬೇಡ, ನೆಲಕ್ಕೆ ಹತ್ತಿರವಿರುವ ಸಣ್ಣ ಮಂಚ ನಾನೇ ತರುತ್ತೇನೆ ಎಂದೆ. ಹೆಸರಿಡುವ ದಿನ ಹೇಳುವ ಮಾತೇ ಇದು ಎಂದು ಒಳಗಿನಿಂದ ಯಾರೋ ಗೊಣಗಿದ್ದು ಕೇಳಿಸಿತು. ಮಾವ ಹೆಗಲ ಮೇಲಿನ ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡರು, ಅಷ್ಟೆ.

ಹೊರಡುವಾಗ ಹೆಂಡತಿ ಬಾಗಿಲ ತನಕ ಬಂದಳು.

"ನಿಮ್ಮ ಸ್ವಭಾವ ನನಗ ಗೊತ್ತೈತಿ. ಒಂದು ಛತ್ರಿ ತಗೊಳ್ಳಾಕ ಮೂರು ಊರು ತಿರುಗ್ತೀರಿ. ಮಂಚ ತರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಐದು ತಿಂಗಳು ತುಂಬೋದ್ರಾಗ ಬಂದು ಕರ್ಕಂಡು ಹೋಗ್ರಿ. ತಪ್ಪಿದ್ರ ಆರನೇ ತಿಂಗಳು ಕಳಸಂಗಿಲ್ಲ, ಸರಿ ತಿಂಗಳು ಅಂತಾರ. ಏಳಕ್ಕ ಹೋಗ್ತತಿ. ಅಲ್ಲೀತನ ನನ್ನ ಕೈಲಿ ಆಗಂಗಿಲ್ಲ."

ಅವಳಿಗೆ ತವರಿನಲ್ಲಿ ಕೊರತೆ ಇರಲಿಲ್ಲ. ಇಲ್ಲದ್ದು ನಿದ್ದೆ ಮಾತ್ರ. ಅವರದು ಮಲ್ಲಿಗೆ ತೋಟದ ಮನೆ. ಮೊಗ್ಗು ಬಿಚ್ಚುವುದರೊಳಗೆ ಕೀಳಬೇಕು, ಮೊದಲ ಬಸ್ಸಿಗೆ ಬುಟ್ಟಿ ಏರಿಸಬೇಕು. ಬೆಳಗಾಗುವುದಕ್ಕೆ ಎಷ್ಟೋ ಮುಂಚೆ ಮನೆ ಎದ್ದು ಮಾತಾಡಲು ತೊಡಗುತ್ತಿತ್ತು. ಕೂಸೂ ಎದ್ದು ಕೂತಂತೆಯೇ. ಹಗಲಿಡೀ ನೋಡಲು ಬರುವವರು. ಅವಳ ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ಕೊಟ್ಟೂರಿನ ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ನಾನು ಮತ್ತು ನಮ್ಮವ್ವ. ಅಲ್ಲಿನ ಬೆಳಗಿನ ಮೌನ ಅವಳಿಗೆ ಬೇಕಾಗಿತ್ತು.

ನಾನು ಕಾಲೇಜಿನ ಗ್ರಂಥಾಲಯದಲ್ಲಿ ಶಿಶುಪಾಲನೆಯ ಹಳೆಯ ಪುಸ್ತಕವೊಂದನ್ನು ಹುಡುಕಿ ತೆಗೆದೆ. ಅದನ್ನು ನನಗಿಂತ ಮೊದಲು ಯಾರೂ ಓದಿದಂತೆ ಕಾಣಲಿಲ್ಲ. ಮಂಚದ ಸುತ್ತ ಕಟಕಟೆ ಇರಬೇಕು, ಅದರ ಸರಳುಗಳ ನಡುವೆ ಕೂಸಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವಷ್ಟು ಸಂದು ಇರಬಾರದು. ಹಾಸಿಗೆ ಗಟ್ಟಿಯಾಗಿರಬೇಕು, ಅಂಚಿಗೂ ಹಾಸಿಗೆಗೂ ನಡುವೆ ಬೆರಳು ಹೋಗಬಾರದು. ದಿಂಬು ಬೇಡ. ನೆಕ್ಕಿದರೆ ಬಿಡುವ ಬಣ್ಣ ಬೇಡ. ಇದಿಷ್ಟು ಓದಿದ ಮೇಲೆ ನಾನು ಮಲಗಿ ಬೆಳೆದ ಜಾಗಗಳನ್ನೆಲ್ಲ ನೆನೆಸಿಕೊಂಡಾಗ, ಬದುಕಿದ್ದೇ ಆಶ್ಚರ್ಯವೆನಿಸಿತು.

ಮೊದಲು ಹರಪನಹಳ್ಳಿಗೆ ಹೋದೆ. ಅಲ್ಲಿನ ಅಂಗಡಿಯೊಂದರಲ್ಲಿ ಗಾಲಿ ಇದ್ದ ಕಬ್ಬಿಣದ ತೊಟ್ಟಿಲುಮಂಚವಿತ್ತು, ಮೇಲೆ ಬಣ್ಣದ ಪ್ಲಾಸ್ಟಿಕ್ ಗುಂಡು ಪೋಣಿಸಿದ್ದು. ನನ್ನ ಮುಷ್ಟಿ ಸರಳುಗಳ ನಡುವೆ ಸಲೀಸಾಗಿ ಹೋಗಿ ಬಂತು. ಮಡಚುವ ಇನ್ನೊಂದು ಮಂಚದ ಕೀಲಿನಲ್ಲಿ ನನ್ನದೇ ಬೆರಳು ಸಿಕ್ಕಿತು. ನಾನು ಒಂದೊಂದನ್ನೂ ಅಲುಗಿಸಿ, ಬಗ್ಗಿ, ಕೆಳಗಿನಿಂದ ಇಣುಕಿ ನೋಡುವುದನ್ನು ಅಂಗಡಿಯವನು ಬಹಳ ಹೊತ್ತು ಸಹಿಸಿದ. ನಾನು ಕೂಡ್ಲಿಗಿ ಕಡೆಯವನೆಂದು ಮಾತಿನಲ್ಲೇ ಅವನಿಗೆ ಗೊತ್ತಾಗಿರಬೇಕು. ನಮ್ಮ ಗುಡ್ಡಗಳಲ್ಲಿ ಕರಡಿ ಹೆಚ್ಚು.

"ಸಾರ್, ಕೂಸು ಮಲಗಿಸ್ತೀರೋ, ಕರಡಿ ಕಟ್ತೀರೋ, ಅದನ್ನ ಮೊದ್ಲು ಹೇಳ್ರಿ" ಎಂದ.

ತಂಗಿಯ ಗಂಡನ ಮನೆ ಆ ಊರಿನಲ್ಲೇ. ಚಹಾ ಕುಡಿಯುತ್ತ ಅವಳ ಹುಬ್ಬಿನ ಮೇಲಿನ ಕಲೆಯನ್ನು ನೋಡಿದೆ. ನನ್ನ ನೆನಪಿಗೆ ಇದ್ದ ಒಂದೇ ಭೌತಿಕ ಆಧಾರ ಅದು. ಅದು ಹೊಸ್ತಿಲಿಗೆ ಎಡವಿ ಆದದ್ದೆಂದು ಅವಳು, ಸಿಡುಬಿನ ಗುಳ್ಳೆಯ ಗುರುತೆಂದು ಅವಳ ಗಂಡ. ತೊಟ್ಟಿಲಿನ ಮಾತೆತ್ತಿದಾಗ ನಕ್ಕಳು.

"ಬಿದ್ದಾಕಿನ್ನ ಸಾಕ್ಷಿ ಕೇಳ್ತೀಯಲ್ಲೋ. ಅವಾಗ ನಾನು ಕೂಸು. ಅವ್ವನ್ನ ಕೇಳು."

ಅವ್ವನನ್ನು ನಾನು ಕೇಳಿರಲಿಲ್ಲ. ಕೇಳಲು ಮನಸ್ಸೂ ಇರಲಿಲ್ಲ. ಹಗ್ಗ ಕಟ್ಟಿದವಳು ಅವಳೇ. ಕೇಳಿದರೆ ಅದು ಪ್ರಶ್ನೆಯಾಗಿ ಉಳಿಯುತ್ತಿರಲಿಲ್ಲ. ಆಶ್ಚರ್ಯವೆಂದರೆ, ಮಾವನ ಮನೆಯ ತೊಟ್ಟಿಲು ಬೇಡವೆಂದು ಬಂದಾಗ ಅವಳೂ ಯಾಕೆಂದು ಕೇಳಿರಲಿಲ್ಲ. ಬೇರೆ ಯಾವ ವಿಷಯಕ್ಕಾದರೂ ಬೀಗರ ಮರ್ಯಾದೆ, ಪದ್ಧತಿ ಎಂದು ಒಂದು ವಾರ ಮಾತಾಡುತ್ತಿದ್ದಳು.

ನಾಲ್ಕನೆಯ ತಿಂಗಳು ಹೀಗೆ ಹುಡುಕಾಟದಲ್ಲೇ ಹೋಯಿತು. ಕೊನೆಗೆ ಹಗರಿಬೊಮ್ಮನಹಳ್ಳಿಯ ಬಡಗಿಯೊಬ್ಬನಿಗೆ ಮಂಚ ಮಾಡಲು ಹೇಳಿದೆ. ಬೇವಿನ ಕಟ್ಟಿಗೆ, ಬಣ್ಣ ಬೇಡ, ಅಂಚೆಲ್ಲ ಉಜ್ಜಿ ನುಣುಪು ಮಾಡಬೇಕು. ಕಾಲು ಎಷ್ಟೆತ್ತರ ಎಂದ. ನೆಲದಿಂದ ಒಂದು ಗೇಣು, ಹೆಚ್ಚಿಗೆ ಬೇಡ ಎಂದೆ. ಸರಳಿನ ಸಂದಿಗೆ ನನ್ನ ಮೂರು ಬೆರಳು ಜೋಡಿಸಿ ಹಲಗೆಯ ಮೇಲಿಟ್ಟೆ, ಅವನು ಎರಡೂ ಬದಿಗೆ ಪೆನ್ಸಿಲಿನಿಂದ ಗೀರು ಹಾಕಿಕೊಂಡ. ಆಮೇಲೆ ಹೆಣ್ಣೋ ಗಂಡೋ ಎಂದು ಕೇಳಿದ. ಹೆಣ್ಣೆಂದೆ. ಉದ್ದ ಎಷ್ಟು ಎನ್ನುವಾಗ ಕೊಟ್ಟೂರಿನ ಬಸ್ಸು ಬಂತು. ಕೂಸಿಗೆ ತಕ್ಕಷ್ಟು ಎಂದು ಹೇಳಿ ಓಡಿದೆ. ಸಂದು, ಅಂಚು, ಎತ್ತರ ಎಲ್ಲದರ ಬಗ್ಗೆ ತಲೆ ಕೆಡಿಸಿಕೊಂಡವನು ಉದ್ದವನ್ನು ಮಾತ್ರ ಬಸ್ಸಿಗೆ ಬಿಟ್ಟಿದ್ದೆ.

ಐದನೆಯ ತಿಂಗಳ ಕೊನೆಯ ವಾರ ಮಂಚ ಟೆಂಪೋದಲ್ಲಿ ಬಂತು. ಇಳಿಸಲು ಇಬ್ಬರು ಬೇಕಾದರು. ಸರಳುಗಳು ನಾನು ಹೇಳಿದಂತೆಯೇ ಇದ್ದವು, ಕಾಲು ಗೇಣುದ್ದವೇ. ಆದರೆ ಮಂಚ ಆರು ಅಡಿ ಉದ್ದವಿತ್ತು. ಒಂದು ಬದಿಯ ಕಟಕಟೆಯನ್ನು ಬಾಗಿಲಿನಂತೆ ಇಳಿಸಬಹುದಿತ್ತು. ಒಳಕೋಣೆಯ ಬಾಗಿಲಲ್ಲಿ ಹೇಗೆ ತಿರುಗಿಸಿದರೂ ಹೋಗಲಿಲ್ಲ, ಪಡಸಾಲೆಯಲ್ಲೇ ಇಟ್ಟರು. ಟೆಂಪೋದವನು ಬಡಗಿಯ ಮಾತನ್ನು ಒಪ್ಪಿಸಿದ: "ಬೆಳಿಯೋ ಕೂಸು, ಮದುವಿ ಆಗೋತನ ನಡೀಲಿ ಅಂತ ಮಾಡ್ಯಾನಂತ್ರಿ."

ಅವನ ತಪ್ಪಲ್ಲ. ನಮ್ಮಲ್ಲಿ ಮಕ್ಕಳ ಲಂಗ ಹೊಲಿಸುವಾಗ ಎರಡು ವರ್ಷದ ಬೆಳವಣಿಗೆಗೆ ಮಡಿಕೆ ಬಿಡಿಸುತ್ತೇವೆ. ಅವನು ಕಟ್ಟಿಗೆಗೂ ಮಡಿಕೆ ಬಿಟ್ಟಿದ್ದ. ಆದರೆ ಅಷ್ಟು ದೊಡ್ಡ ಮಂಚದಲ್ಲಿ ಕೂಸು ಹೊರಳುತ್ತ ಎಲ್ಲಿಗೆ ಹೋದೀತು, ಅಷ್ಟುದ್ದಕ್ಕೆ ಅಂಚಿಗೆ ಸಂದಿಲ್ಲದಂತೆ ಹಾಸಿಗೆ ಹೇಗೆ ಕೂತೀತು? ಟೆಂಪೋ ಹೋದ ಮೇಲೆ ನಾನು ಸುತ್ತ ನಾಲ್ಕು ಸಲ ಓಡಾಡಿ, ಇದನ್ನು ವಾಪಸು ಕಳಿಸಿ ಚಿಕ್ಕದು ಮಾಡಿಸುತ್ತೇನೆ ಎಂದೆ.

ಅವ್ವ ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತಿದ್ದಳು. ಕಳಿಸಿದರೆ ಯಾವಾಗ ಬರುತ್ತದೆ ಎಂದು ಕೇಳಿದಳು. ಹದಿನೈದು ದಿನವಾದರೂ ಬೇಕು ಎಂದೆ. ಅಷ್ಟರಲ್ಲಿ ಆರನೆಯ ತಿಂಗಳು ಹಿಡಿಯುತ್ತದೆ, ಸೊಸೆ ಬರುವುದು ಮುಂದಕ್ಕೆ ಹೋಗುತ್ತದೆ ಎಂದಳು. ಹೋಗಲಿ, ಕೂಸಿನ ಜೀವ ದೊಡ್ಡದು, ತಂಗಿಗೆ ಆದದ್ದು ಇವಳಿಗೆ ಆಗಬಾರದು ಎಂದುಬಿಟ್ಟೆ. ಅದುವರೆಗೆ ಅವಳೆದುರು ಆಡದ ಮಾತು.

ಮೊರದ ಮೇಲೆ ಅವಳ ಕೈ ನಿಂತಿತು.

"ನಿನ್ನ ತಂಗಿ ಬಿದ್ದಿಲ್ಲಪ" ಎಂದಳು. "ಬಿದ್ದದ್ದು ಬರೀ ತೊಟ್ಲ."

ಆಮೇಲೆ ಸಾವಕಾಶವಾಗಿ ಹೇಳಿದಳು. ತಂಗಿ ಉಚ್ಚೆ ಮಾಡಿಕೊಂಡು ಮಿಸುಕಾಡಿದ್ದಳಂತೆ. ಅರಿವೆ ಬದಲಿಸಲು ಅವಳನ್ನು ಎತ್ತಿಕೊಂಡು ಇತ್ತ ತಿರುಗುವಷ್ಟರಲ್ಲಿ ಹಿಂದೆ ಹಗ್ಗ ಹರಿಯಿತು. ಖಾಲಿ ತೊಟ್ಟಿಲು ಬಿದ್ದರೆ ಕೂಸಿಗೆ ಕೆಡುಕು ಎಂಬ ಮಾತು ನಮ್ಮ ಕಡೆ ಇತ್ತು. ಅಜ್ಜಿಯ ಕಿವಿಗೆ ಬಿದ್ದರೆ ಹರಕೆ, ಶಕುನ, ಯಾರ ದೋಷ ಎಂಬ ವಿಚಾರಣೆ. ಇಲಿ ಕಡಿದಿತ್ತು, ನಾನೇ ಬಿಚ್ಚಿದೆ ಎಂದು ಹೇಳಿ ಅವಳು ಹಗ್ಗವನ್ನು ಒಲೆಗೆ ಹಾಕಿದಳು. ಆ ದಿನದಿಂದ ತಂಗಿ ನಡೆಯುವವರೆಗೂ ನೆಲದ ಮೇಲೆ ತನ್ನ ಪಕ್ಕದಲ್ಲೇ ಮಲಗಿಸಿಕೊಂಡಳು. ಕೂಸನ್ನು ಇರುವೆಗೆ ಹಾಕಿದ್ದಾಳೆಂದು ಅಜ್ಜಿಯಿಂದ ಬೈಸಿಕೊಂಡಳು. ನಾನು ತೊಟ್ಟಿಲು ಬೇಡವೆಂದು ಬಂದ ದಿನ ಅವಳಿಗೆ ಉಸಿರು ಬಂದಂತಾಗಿತ್ತಂತೆ.

ನನಗೆ ಅಷ್ಟಕ್ಕೆ ಬಿಡಲಾಗಲಿಲ್ಲ. ಅಳು ಕೇಳಿಸಿದ್ದು ನಿಜ, ಅದು ನನಗೆ ಈಗಲೂ ಕೇಳಿಸುತ್ತದೆ ಎಂದೆ.

"ಕೇಳಿರ್ತಿ. ಅತ್ತಾಕಿ ನಾನು" ಎಂದಳು ಅವ್ವ. "ನೀನು ಬಾಗಿಲದಾಗ ನಿಂತಿದ್ದಿ."

ಇದೂ ಪೂರ್ತಿ ನಿಜವೋ ಅಲ್ಲವೋ ನಾನು ಹೇಳಲಾರೆ. ತನ್ನ ಕೂಸು ಬಿದ್ದಿತ್ತೆಂದು ಯಾವ ತಾಯಿ ನೆನಪಿಟ್ಟುಕೊಂಡಾಳು? ತರಗತಿಯಲ್ಲಾಗಿದ್ದರೆ, ಈ ಸಾಕ್ಷಿಗೆ ಸ್ವಂತದ ಹಿತಾಸಕ್ತಿ ಇದೆ ಎಂದು ಹುಡುಗರಿಗೆ ತೋರಿಸಿಕೊಡುತ್ತಿದ್ದೆ. ಆದರೆ ಆ ಅಳುವಿನ ದನಿಯನ್ನು ಮತ್ತೆ ನೆನೆದಾಗ ಅದು ಕೂಸಿನದಾಗಿರಲಿಲ್ಲ. ದೊಡ್ಡವರದಾಗಿತ್ತು. ಅಥವಾ ಅವಳು ಹೇಳಿದ ಮೇಲೆ ಹಾಗಾಯಿತು. ಎರಡನೆಯ ಪ್ರಶ್ನೆ ಕೇಳಲಿಲ್ಲ.

"ಉದ್ದ ಐತಿ ಅಂತ ಕಳಸ್ತೀಯಲ್ಲ, ಎತ್ತರ ಐತೇನು?" ಎಂದು ಅವಳು ಮೊರ ಎತ್ತಿಕೊಂಡಳು. "ಇದರಾಗಿಂದ ಬಿದ್ರೂ ಎಲ್ಲಿ ಬೀಳ್ತತಿ? ಮೊದ್ಲು ಸೊಸಿನ್ನ ಕರ್ಕಂಡ್ ಬಾ."

ಹಾಸಿಗೆಯದೊಂದು ಉಳಿದಿತ್ತು. ಗಾದಿ ಹೊಲಿಸೋಣವೆಂದರೆ ಅದು ಮೆತ್ತಗೆ, ಕೂಸಿನ ಮುಖ ಹುಗಿದೀತು. ಪುಸ್ತಕದ ಪ್ರಕಾರ ಹಾಸಿಗೆ ಮೆತ್ತಗಿರಬಾರದು, ಗಟ್ಟಿ ಇರಬೇಕು, ಸಪಾಟಾಗಿರಬೇಕು ಎಂದು ವಿವರಿಸಿದೆ. ಅವ್ವ ಎಲ್ಲವನ್ನೂ ಕೇಳಿ, "ಅದಕ್ಕ ನೆಲ ಅಂತಾರಪ" ಎಂದಳು. ಆದರೂ ಪೆಟ್ಟಿಗೆಯಿಂದ ಹಳೆಯ ಸೀರೆಗಳನ್ನು ತೆಗೆದಳು. ಒಂದರ ಮೇಲೊಂದು ಹಾಸಿ ಮಂಚದ ಅಳತೆಗೆ ಕೌದಿ ಹೊಲಿದಳು. ಮನೆಯಲ್ಲಿದ್ದ ಕೌದಿಗಳನ್ನೂ ಅದೇ ಅಳತೆಗೆ ಮಡಿಸಿ ಅಡಿಗೆ ಹೊಲಿದು ಸೇರಿಸಿದಳು. ನಾನು ನಾಲ್ಕೂ ಅಂಚಿಗೆ ಬೆರಳು ಹಾಕಿ ನೋಡಿದೆ. ಒಂದು ಮೂಲೆಯಲ್ಲಿ ಹೋಯಿತು. ಅವಳು ಅಲ್ಲಿಗೆ ಇನ್ನೊಂದು ಪಟ್ಟಿ ಕೂಡಿಸಿದಳು.

ಐದನೆಯ ತಿಂಗಳು ತುಂಬಲು ಇನ್ನೂ ಎರಡು ದಿನ ಇದ್ದಾಗ ಹಡಗಲಿಗೆ ಹೋದೆ. ಮಾವ ಬಸ್ ನಿಲ್ದಾಣದ ತನಕ ಬಂದರು. ತೊಟ್ಟಿಲು ಇಲ್ಲೇ ಇರಲಿ, ಕೂಸು ಬಂದಾಗ ಬೇಕಲ್ಲ ಎಂದರು. ಮುನಿಸಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಹೆಂಡತಿ ಮಂಚದ ಬಗ್ಗೆ ಏನೂ ಕೇಳಲಿಲ್ಲ. ದಾರಿಯುದ್ದಕ್ಕೂ ಕೂಸು ಎಚ್ಚರವಿತ್ತು, ಆದ್ದರಿಂದ ಅವಳೂ.

ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಅವ್ವ ಬಾಗಿಲಲ್ಲೇ ತಾಯಿ ಮಗಳಿಬ್ಬರಿಗೂ ನಿವಾಳಿಸಿ ಒಳಗೆ ಕರೆದಳು. ಪಡಸಾಲೆಯಲ್ಲಿ ಹೆಂಡತಿ ನಿಂತುಬಿಟ್ಟಳು. ಮಂಚದ ಈ ತುದಿಯಿಂದ ಆ ತುದಿಗೆ ನಡೆದು ನೋಡಿದಳು.

"ಇದು ಯಾರಿಗ್ರಿ?"

"ಕೂಸಿಗೆ."

"ಕೂಸಿನ ಗಂಡನ್ನೂ ಸೇರಿಸಿ ಮಾಡ್ಸೀರೇನು?"

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಸರಳಿನ ಸಂದು, ಬೇವಿನ ಕಟ್ಟಿಗೆ, ಕೌದಿಯ ಗಟ್ಟಿತನ ಎಲ್ಲವನ್ನೂ ವಿವರಿಸತೊಡಗಿದೆ. ಅವಳು ಕೂಸನ್ನು ನನ್ನ ಕೈಗೆ ಕೊಟ್ಟಳು. ಎಲ್ಲಾದರೂ ಒತ್ತುತ್ತದೇನೋ ತಾನೇ ನೋಡುತ್ತೇನೆ ಎಂದು ಒಂದು ಬದಿಯ ಕಟಕಟೆ ಇಳಿಸಿ, ಕೌದಿಯ ಮೇಲೆ ಕಾಲು ಚಾಚಿ ಮಲಗಿದಳು. ಮಂಚ ಅವಳಿಗೆ ಸರಿಯಾಗಿತ್ತು, ತಲೆಯ ಕಡೆ ಸ್ವಲ್ಪ ಉಳಿದಿತ್ತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿದಳು. ಕಣ್ಣು ಮುಚ್ಚಿದಳು. ಅವಳು ಏನು ಹೇಳುತ್ತಾಳೋ ಎಂದು ಕಾಯುತ್ತ ನಾನು ತಲೆಯ ಕಡೆ ನಿಂತಿದ್ದೆ. ಹೇಗಿದೆ ಎಂದು ಕೇಳಿದೆ.

"ಎಬ್ಬಿಸಬ್ಯಾಡ" ಎಂದಳು ಅವ್ವ ಮೆಲ್ಲಗೆ, ಇಳಿಸಿದ್ದ ಕಟಕಟೆಯನ್ನು ಸದ್ದಾಗದಂತೆ ಏರಿಸುತ್ತ.

ಕೂಸು ನನ್ನ ಅಂಗಿಯ ಗುಂಡಿಯನ್ನು ಬಾಯಿಗೆ ಎಳೆದುಕೊಳ್ಳುತ್ತಿತ್ತು. ಸದ್ದು ಮಾಡೀತೆಂದು ನಾನು ಅದನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದೆ. ಯಾರೋ ಕಟ್ಟೆಯ ಮೇಲಿಂದ, ಬಾಣಂತಿ ಬಂದ್ಳೇನ್ರಿ, ಎಲ್ಲಿ ಅದಾಳ ಎಂದರು. ಮಲಗ್ಯಾಳ ಎಂದೆ.