ಡ್ರಮ್ಮಿನ ನಡುವೆ ಅಕ್ಕನ ಸ್ವರ

ಇವತ್ತು ಜಿಂಜ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಪಪ್ಪನಿಗೆಂದು ಫೋನಿನಲ್ಲಿ ಹಳೆಯ ಸ್ವಿಂಗ್ ಜಾಝ್ ಹಾಕಿದೆ. ತಕ್ಷಣ ಇದೇ ಊರಿನ ಗುಫೂಲ್‌ನಲ್ಲಿದ್ದ ನಮ್ಮ ಹಳೆಮನೆ ಕಣ್ಣೆದುರು ಬಂತು. ಪಪ್ಪ ತಮ್ಮ ಮೆಚ್ಚಿನ ಡ್ರಮ್ಮರ್‌ನ ರೆಕಾರ್ಡುಗಳನ್ನು ಗೆಳೆಯರಿಂದ ತಂದು, ಪ್ಲೇಯರ್ ಎದುರು ಟೇಪ್‌ರೆಕಾರ್ಡರ್ ಇಟ್ಟು ಕ್ಯಾಸೆಟ್ಟಿಗೆ ಇಳಿಸುತ್ತಿದ್ದರು.

"ಯಾರೂ ಮಾತಾಡ್ಬಾರ್ದು, ಆಯ್ತಾ?" ಎಂದರೆ ನಾನು ಉಸಿರನ್ನೂ ಬಿಗಿಹಿಡಿಯುತ್ತಿದ್ದೆ. ಒಮ್ಮೆ ಅಕ್ಕ ನಡುವೆಯೇ ಕೇಳಿಬಿಟ್ಟಳು: "ಪಪ್ಪಾ, ಇನ್ನೂ ಮುಗಿಲಿಲ್ವಾ?"

ಅದೂ ರೆಕಾರ್ಡ್ ಆಯಿತು. ಪಪ್ಪ ಬೈಯಲಿಲ್ಲ, ಅಳಿಸಲೂ ಇಲ್ಲ. ಮನೆಗೆ ಬಂದವರಿಗೆಲ್ಲ ಕೇಳಿಸಿ ನಗುತ್ತಿದ್ದರು. ಹೇಳಿದ ಮಾತು ಕೇಳಿದ ನನ್ನ ಸ್ವರ ಮಾತ್ರ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ.

ಫೋನಿನಲ್ಲಿ ಬರುತ್ತಿದ್ದ ಅದೇ ಹಾಡಿನಲ್ಲಿ ಅಕ್ಕನ ಸ್ವರ ಇಲ್ಲವೆಂದು ಇವತ್ತು ನನಗೆ ಒಳಗೊಳಗೇ ಖುಷಿ. ಡ್ರಮ್ ಸರಿಯಾಗಿ ಅಕ್ಕ ಅಂದು ಮಾತಾಡಿದ್ದ ಜಾಗಕ್ಕೆ ಬಂತು. ಸೋಫಾದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಪಪ್ಪ ಥೇಟ್ ಅವಳ ಹಾಗೆಯೇ ಅಂದರು: "ಪಪ್ಪಾ, ಇನ್ನೂ ಮುಗಿಲಿಲ್ವಾ?"