ಕಸದ ತಿಜೋರಿ

ನನ್ನ ಅತ್ತಿಗೆಗೆ ಮನೆಗೆ ಹೊಸ ಸಾಮಾನು ತರುವುದೆಂದರೆ ಆಗದು. ಜಿಪುಣಿ ಅಂತ ತಿಳಿಯಬೇಡಿ. ಕೆಲಸ ಉಳಿಸುತ್ತೇನೆಂದು ಬಂದ ಒಂದೊಂದು ಸಾಮಾನೂ ಕೊನೆಗೆ ನನ್ನನ್ನು ತೊಳೆ, ನನ್ನನ್ನು ಒರೆಸು, ನನ್ನನ್ನು ರಿಪೇರಿಗೆ ಕೊಡು ಎಂದು ತನ್ನ ಜೀವ ತಿನ್ನುತ್ತದೆ ಎನ್ನುವುದು ಅವಳ ವಾದ. ಆದ್ದರಿಂದ ನಾನು ಬಳಸಿದ ಡೈಪರ್ ಹಾಕುವ ಡಬ್ಬದ ಮಾತೆತ್ತಿದಾಗ, ಕೆಲಸದಿಂದ ಬಂದು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದವಳು ಕಣ್ಣು ಸಹ ತೆರೆಯಲಿಲ್ಲ.

"ಅದನ್ನ ತೊಳೆಯೋರು ಯಾರು?" ಎಂದಳು, ಅಷ್ಟೇ.

ಅವಳು ಒಂದು ಲಾಂಡ್ರಿಯ ಕೌಂಟರಿನಲ್ಲಿ ನಿಲ್ಲುತ್ತಾಳೆ. ನಿಲ್ಲುತ್ತಾಳೆ ಎಂದರೆ ನಿಲ್ಲುವುದೇ; ಅಲ್ಲಿನ ಕುರ್ಚಿ ಗಿರಾಕಿಗಳಿಗೆ. ನಾನು ಬೆಳಿಗ್ಗೆ ಶಿಶುವಿಹಾರದಲ್ಲಿ ಬೇರೆಯವರ ಮಕ್ಕಳ ಮೂಗು ಒರೆಸಿ ಮನೆಗೆ ಬರುತ್ತಲೇ, ಮಗಳು ಪುಟ್ಟಿಯನ್ನು ನನ್ನ ಕೈಗೆ ಕೊಟ್ಟು ಅವಳು ಹೊರಡುತ್ತಾಳೆ. ನನಗಿಂತ ಚಿಕ್ಕವಳು, ಅದಕ್ಕೇ ಅತ್ತಿಗೆಯಾದರೂ ಏಕವಚನ; ಅವಳಿಗೆ ನಾನೂ ಹಾಗೇ. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಒಂದು ರೂಮು ಅಣ್ಣ, ಅತ್ತಿಗೆ, ಮಗುವಿನದು. ಬಚ್ಚಲ ಪಕ್ಕದ ಚಿಕ್ಕದು ಅಪ್ಪನದು. ಗಂಡನನ್ನು ಬಿಟ್ಟು ಬಂದ ನನಗೆ ಹಾಲ್‌ನ ದಿವಾನ.

ಬೇಸಗೆ ಶುರುವಾಗುವ ಹೊತ್ತಿಗೆ ಮನೆಯಲ್ಲಿ ನಾತ ಶುರುವಾಯಿತು. ಕಸದ ಗಾಡಿ ಬರುವುದು ದಿನ ಬಿಟ್ಟು ದಿನ. ಪುಟ್ಟಿಯ ಡೈಪರುಗಳನ್ನು ಚೀಲದಲ್ಲಿ ಕಟ್ಟಿ ಬಾಲ್ಕನಿಯಲ್ಲಿ ಇಡುತ್ತಿದ್ದೆವು. ಅಲ್ಲಿ ನಾತ ಅಷ್ಟೇನೂ ಇರಲಿಲ್ಲ. ಬಚ್ಚಲ ಮುಂದಿನ ಓಣಿಯಂಥ ಜಾಗದಲ್ಲಿ ಮಾತ್ರ ಮೂಗಿನಿಂದ ಕೈ ತೆಗೆಯುವಂತಿರಲಿಲ್ಲ. ಪುಟ್ಟಿಗೆ ಡೈಪರ್ ಬದಲಾಯಿಸುತ್ತಿದ್ದದ್ದೂ ಅಲ್ಲೇ ಆದ್ದರಿಂದ ಅಪರಾಧಿ ಯಾರೆಂದು ಹುಡುಕುವ ಪ್ರಶ್ನೆಯೇ ಬರಲಿಲ್ಲ. ಇನ್ನೂ ಸರಿಯಾಗಿ ಮಾತು ಬಾರದ ಮಗು, ನಾನಲ್ಲ ಎನ್ನುವುದಾದರೂ ಹೇಗೆ? ಅದೇ ದಿನಗಳಲ್ಲಿ ಅಪ್ಪನ ಮಂಡಿ ಊದಿಕೊಂಡು ಬೆಳಗಿನ ವಾಕಿಂಗ್ ನಿಂತುಹೋಗಿತ್ತು. ನಾವು ಅದನ್ನು ಬೇರೆಯೇ ಕಷ್ಟವೆಂದುಕೊಂಡೆವು.

ಡಬ್ಬದ ಬಗ್ಗೆ ಮನೆಯಲ್ಲಿ ಎರಡು ಪಕ್ಷಗಳಾದವು. ನಾನು ಬೇಕು ಎಂದೆ. ಒಳಗೆ ಪ್ಲಾಸ್ಟಿಕ್ ಸುರುಳಿ ಇರುತ್ತದೆ, ಡೈಪರ್ ಹಾಕಿ ಮುಚ್ಚಳದ ಚಕ್ರ ತಿರುಗಿಸಿದರೆ ಒಂದೊಂದನ್ನೂ ಬೇರೆಬೇರೆ ಸುತ್ತಿಡುತ್ತದೆ, ನಾತ ಹೊರಗೆ ಬರುವುದಿಲ್ಲ ಎಂದು ಫೋನಿನಲ್ಲಿ ಓದಿ ಹೇಳಿದೆ. ಕೊಂಡವರಲ್ಲಿ ಒಬ್ಬಳು ಇದಿಲ್ಲದೆ ಬದುಕೇ ಇಲ್ಲ ಎಂದಿದ್ದಳು. ಇನ್ನೊಬ್ಬಳು ಸುರುಳಿ ತಂದು ತಂದೇ ಸಾಕಾಯಿತು, ಮುಚ್ಚಳವಿರುವ ಬಕೆಟ್ ಸಾಕು ಎಂದಿದ್ದಳು. ಲಿಫ್ಟಿಲ್ಲದ ಮನೆಯಲ್ಲಿದ್ದುಕೊಂಡು ಊರೆಲ್ಲ ಲಿಫ್ಟ್ ರಿಪೇರಿ ಮಾಡುವ ಅಣ್ಣ, ಕಸಕ್ಕೂ ಒಂದು ತಿಜೋರಿಯೇ, ಕಳ್ಳರು ಹೊತ್ತುಕೊಂಡು ಹೋದರೆ ನಮಗೇ ಒಳ್ಳೆಯದಲ್ಲವೇ ಎಂದು ನಕ್ಕ. ಆವತ್ತಿನಿಂದ ಅದರ ಹೆಸರು ತಿಜೋರಿ ಎಂದೇ ಆಯಿತು.

ಅತ್ತಿಗೆ ಯಾವ ಪಕ್ಷಕ್ಕೂ ಸೇರಲಿಲ್ಲ. ಡಬ್ಬದ ಬದಲು ಡೈಪರನ್ನೇ ಬದಲಾಯಿಸಿ ನೋಡೋಣ ಎಂದಳು. ಹೊಸ ಡೈಪರಿಗೆ ನಾತ ಹೋಗಲಿಲ್ಲ. ಪುಟ್ಟಿಯ ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಎದ್ದವು. ಹೊಟ್ಟೆಯಲ್ಲೇ ಏನೋ ಕೆಟ್ಟಿರಬೇಕೆಂದು ಡಾಕ್ಟರಿಗೆ ತೋರಿಸಿದೆವು. ಮಗು ಗುಂಡುಕಲ್ಲಿನ ಹಾಗಿದೆ, ನೀವು ಸ್ವಲ್ಪ ನಿದ್ದೆ ಮಾಡಿ ಎಂದು ಆಕೆ ಕಳಿಸಿದರು. ಗುಳ್ಳೆಗೆ ಮುಲಾಮು ಹಚ್ಚುವಾಗ ಪುಟ್ಟಿ ಸೂರು ಹಾರಿಹೋಗುವಂತೆ ಅತ್ತಳು. ಅವಳನ್ನು ಹಿಡಿದುಕೊಂಡು ಅತ್ತಿಗೆಯೂ ಅತ್ತಳು, ಸದ್ದಿಲ್ಲದೆ. ಅಷ್ಟು ದಣಿದಿದ್ದಳು.

ಆಗಲೇ ಅಪ್ಪ ರೂಮಿನ ಬಾಗಿಲಿಗೆ ಬಂದು ನಿಂತದ್ದು. ಅಪ್ಪ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವರು. ಈಗಲೂ ಇಸ್ತ್ರಿ ಮುರಿಯದ ಶರ್ಟು ಹಾಕಿಕೊಂಡೇ ಕೂರುತ್ತಾರೆ, ಯಾವುದೋ ಬಸ್ಸು ಹೊರಡಿಸಬೇಕು ಎನ್ನುವ ಹಾಗೆ. ಸುಮ್ಮನೆ ಒಂದು ದೀಪ ಉರಿಯುತ್ತಿದ್ದರೆ ಊರು ಒಂದು ಮಾಡುವ ಮನುಷ್ಯ. ಮೊದಲೆಲ್ಲ ಪುಟ್ಟಿ ಅವರ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ಈಚೆಗೆ ಮಂಡಿ ನೋವು ಎಂದು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದರು. ಊಟವೂ ರೂಮಿಗೇ. ನೀರು ಕೊಟ್ಟರೆ ಒಂದು ಗುಟುಕು ಕುಡಿದು ಲೋಟ ಹಾಗೇ ಇಡುತ್ತಿದ್ದರು. ಮಗು ತಾತಾ ತಾತಾ ಎಂದು ಅವರ ಬಾಗಿಲು ಬಡಿದು ಬಡಿದು ಸುಮ್ಮನಾಗುತ್ತಿತ್ತು.

"ಆ ಡಬ್ಬ ತಗೊಂಡುಬಿಡಿ," ಎಂದರು. "ದೊಡ್ಡದೇ ತಗೊಳ್ಳಿ. ದುಡ್ಡು ನಾನು ಕೊಡ್ತೀನಿ. ಮಗೂಗೆ ಯಾಕೆ ಸುಮ್ನೆ ಹಿಂಸೆ."

ನನ್ನ ಪಕ್ಷಕ್ಕೆ ಅಪ್ಪನೇ ಬಂದರಲ್ಲ ಎಂದು ನಾನು ಬೀಗಿದೆ. ಅತ್ತಿಗೆ ಮಾತ್ರ ಮುಲಾಮಿನ ಕೈಯನ್ನು ಹಾಗೇ ಹಿಡಿದುಕೊಂಡು, ಅವರು ಕುಂಟುತ್ತ ಒಳಗೆ ಹೋಗುವುದನ್ನೇ ನೋಡಿದಳು. ಲಾಂಡ್ರಿಯಲ್ಲಿ ಅವಳಿಗೆ ಮೊದಲ ದಿನವೇ ಕಲಿಸಿದ ಪಾಠ ಒಂದಿದೆ. ಕಲೆ ಹೇಗಾಯಿತೆಂದು ಗಿರಾಕಿಯನ್ನು ಕೇಳಬಾರದು. ಬಟ್ಟೆ ತೆಗೆದುಕೊಂಡು, ಕಲೆ ಒಳಗೆ ಹೋಗುವಂತೆ ಮಡಚಿ, ಚೀಟಿ ಕೊಟ್ಟು ಕಳಿಸಬೇಕು. ಕೇಳದಿದ್ದರೂ ಯಾರಾದರೂ ತಾವಾಗಿ ಇದು ಕಾಫಿ ಚೆಲ್ಲಿದ್ದು ಎಂದರೆ ಅದು ಕಾಫಿಯಲ್ಲ ಎಂದು ಅವಳೇ ನನಗೆ ಹೇಳಿ ನಕ್ಕಿದ್ದಳು. ಆ ದಿನ ನನಗೆ ಅದು ನೆನಪಾಗಲಿಲ್ಲ.

ಗುಳ್ಳೆ ವಾಸಿಯಾಗಲಿ, ನೀವೂ ಸ್ವಲ್ಪ ಉಸಿರು ಬಿಡಿ ಎಂದು ಅತ್ತಿಗೆಯ ಅಮ್ಮ ಬಂದು ಪುಟ್ಟಿಯನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಮಗು ಹೋಯಿತು; ನಾತ ಹೋಗಲಿಲ್ಲ. ನಾನು ಪ್ಲಂಬರನ್ನು ಕರೆಸಿದೆ. ಅವನು ಬಚ್ಚಲ ಜಾಲರಿ ಕಿತ್ತು, ಕೈ ಹಾಕಿ ನೋಡಿ, ನಿಮ್ಮ ಮೋರಿ ನನ್ನ ಅಡುಗೆಮನೆಗಿಂತ ಚೊಕ್ಕಟವಾಗಿದೆ ಅಕ್ಕಾ ಎಂದು ಹೇಳಿ ಹೋದ.

ಭಾನುವಾರ ಅತ್ತಿಗೆ ಮನೆಮಂದಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ವಾರವಿಡೀ ಅದೇ ಕೆಲಸದ ನಡುವೆ ನಿಂತವಳಿಗೆ ಭಾನುವಾರವೂ ಅದೇ. ಅಪ್ಪನ ಬಟ್ಟೆಯ ಸರದಿ ಬಂದಾಗ ಕೈ ನಿಲ್ಲಿಸಿದಳು. ಶರ್ಟುಗಳಿದ್ದವು. ಜೊತೆಗಿರಬೇಕಾದ ಪೈಜಾಮ ಒಂದೂ ಇರಲಿಲ್ಲ. ಹೋದ ವಾರವೂ ಇರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತಂತೆ. ಅಪ್ಪ ಸ್ನಾನಕ್ಕೆ ಹೋಗಿದ್ದರು. ಶರ್ಟುಗಳನ್ನು ಬೀರುವಿನಲ್ಲಿ ಇಡಲು ಅವರ ರೂಮಿಗೆ ಹೋದವಳು ಬೇಗ ಹೊರಗೆ ಬಂದು, ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ, ನನ್ನ ಪಕ್ಕ ದಿವಾನದ ಮೇಲೆ ಕೂತಳು.

"ತಿಜೋರಿ ತಗೊಳ್ಳೋಣ," ಎಂದಳು.

ಮಗುವೇ ಮನೆಯಲ್ಲಿಲ್ಲ, ಈಗೇನು ಅವಸರ ಎಂದೆ.

"ಮಗೂಗಲ್ಲ."

ಬೀರುವಿನಲ್ಲಿ ಶರ್ಟುಗಳ ಹಿಂದೆ ದೊಡ್ಡವರು ಹಾಕಿಕೊಳ್ಳುವ ಡೈಪರಿನ ಪೊಟ್ಟಣವಿತ್ತು. ಮಂಚದ ಕೆಳಗೆ ಹಳೆಯ ಸೂಟ್‌ಕೇಸ್. ಅವಳು ಅದನ್ನು ತೆರೆದಿರಲಿಲ್ಲ, ತೆರೆಯುವ ಅಗತ್ಯವೂ ಇರಲಿಲ್ಲ; ನಾತ ಬರುತ್ತಿದ್ದದ್ದೇ ಅದರಿಂದ. ಹೋದ ವರ್ಷ ಅಪ್ಪನಿಗೆ ಮೂತ್ರದ ತೊಂದರೆಗೆ ಆಪರೇಷನ್ ಆಗಿತ್ತು. ಎಲ್ಲ ಸರಿಹೋಯಿತು ಎಂದು ಅವರೇ ಹೇಳಿದ್ದರು, ನಾವು ನಂಬಿದ್ದೆವು. ಒದ್ದೆಯಾದ ಪೈಜಾಮಗಳನ್ನು ಸ್ನಾನದ ಹೊತ್ತಿನಲ್ಲಿ ತಾವೇ ಒಗೆದುಕೊಳ್ಳುತ್ತಿದ್ದರೇನೋ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಬೆಳಗಿನ ವಾಕಿಂಗಿನಲ್ಲಿ ದೂರದ ಕಸದ ತೊಟ್ಟಿಗೆ ಹಾಕಿ ಬರುತ್ತಿದ್ದರು ಅನ್ನಿಸುತ್ತದೆ. ಮಂಡಿ ಕೈಕೊಟ್ಟ ಮೇಲೆ ಮೆಟ್ಟಿಲಿಳಿಯಲು ಆಗಲಿಲ್ಲ. ಯಾರ ಕೈಗೆ ಕೊಟ್ಟಾರು?

ನನಗೆ ಬಂದದ್ದು ಕನಿಕರವಲ್ಲ, ಕೋಪ. ಹೆತ್ತ ಮಗಳು ಬಾಗಿಲಾಚೆ ಮಲಗಿರುವಾಗ ಒಂದು ಮಾತು ಹೇಳಬಾರದೇ, ಮೊಮ್ಮಗಳ ಮೇಲೆ ಗೂಬೆ ಕೂರಿಸಿ ಸುಮ್ಮನಿರುವುದೇ ಎಂದು ಎದ್ದೆ. ಈಗಲೇ ಕೇಳುತ್ತೇನೆ ಎಂದೆ. ಅತ್ತಿಗೆ ನನ್ನ ಮುಂಗೈ ಹಿಡಿದು ಕೂರಿಸಿದಳು.

"ಕೇಳ್ಬೇಡ. ಕೇಳಿದ್ರೆ ಇಲ್ಲ ಅಂತಾರೆ. ಆಮೇಲೆ ಆ ಇಲ್ಲ ಅಂದಿದ್ದನ್ನ ದಿನಾ ಕಾಯ್ಕೊಂಡು ಕೂತಿರ್ಬೇಕು, ಪಾಪ. ಈಗ್ಲೇ ನೀರು ಕುಡಿಯೋದು ಬಿಟ್ಟಿದಾರೆ, ಮಗೂನ ಬಿಟ್ಟಿದಾರೆ. ಇನ್ನೇನು ಬಿಡಿಸ್ತೀಯ?"

ಅಳು ಬಂತು, ಅದನ್ನೂ ಅವಳೆದುರು ತಡೆದುಕೊಂಡೆ.

ಡಬ್ಬ ಬಂತು. ಬಾಯಿ ಅಗಲವಾಗಿರುವುದನ್ನೇ ಆರಿಸಿದ್ದಳು. ಅದನ್ನು ಮಗುವಿನ ರೂಮಿನಲ್ಲಿ ಇಡದೆ, ಬಚ್ಚಲಿಗೂ ಅಪ್ಪನ ಬಾಗಿಲಿಗೂ ನಡುವೆ ಗೋಡೆಗೆ ಒತ್ತಿ ಇಟ್ಟಳು. ಇಲ್ಲಿ ಕಾಲಿಗೆ ಸಿಗುತ್ತದೆ ಎಂದು ಅಣ್ಣ ಗೊಣಗಿದ. ಅತ್ತಿಗೆ ಅವನಿಗೆ ಹೇಳುವ ನೆಪದಲ್ಲಿ, ಒಳಗಿನ ರೂಮಿಗೂ ಕೇಳುವಷ್ಟು ದನಿಯೆತ್ತಿ ಹೇಳಿದಳು.

"ಒಳಗೆ ಹಾಕಿ ಚಕ್ರ ಒಂದು ಸುತ್ತು ತಿರುಗಿಸಿದ್ರೆ ಆಯ್ತು. ಏನು ಹಾಕಿದ್ದು ಅಂತ ಆಮೇಲೆ ಯಾರಿಗೂ ಕಾಣಲ್ಲ. ಖಾಲಿ ಮಾಡೋದು ನಾನೊಬ್ಬಳೇ. ಬೇರೆ ಯಾರೂ ಮುಚ್ಚಳಕ್ಕೆ ಕೈ ಹಾಕೋ ಹಾಗಿಲ್ಲ."

ಅಂದು ಮಧ್ಯಾಹ್ನ ಅಣ್ಣ ಆಚೆ ಹೋದ ಮೇಲೆ ನಾನೂ ಅತ್ತಿಗೆಯೂ ಬೇಕೆಂದೇ ಹೊರಗೆ ಹೋಗಿ ಬಹಳ ಹೊತ್ತು ಬಿಟ್ಟು ಬಂದೆವು. ಬಂದಾಗ ಸೂಟ್‌ಕೇಸ್ ತೊಳೆದು ಬಾಲ್ಕನಿಯಲ್ಲಿ ಒಣಗಲು ಇಟ್ಟಿತ್ತು. ಅತ್ತಿಗೆ ಅದನ್ನು ನೋಡಿಯೂ ನೋಡದವಳಂತೆ, ತುಂಬಿದ ಡಬ್ಬದಿಂದ ಚೀಲ ಎಳೆದು ಗಂಟು ಹಾಕಿ, ಮೂರು ಮಹಡಿ ಹೊತ್ತುಕೊಂಡು ಇಳಿದಳು. ವಾಪಸು ಬಂದಾಗ ಉಸಿರು ಹಿಡಿಯಲು ಬಾಗಿಲಲ್ಲೇ ಕೂತಳು. ಕೊನೆಗೂ ಹೊಸ ಸಾಮಾನು ಅವಳ ತಲೆಗೇ ಸುತ್ತಿಕೊಂಡಿತು. ತೊಳೆಯುವವಳೂ ಅವಳೇ.

ಪುಟ್ಟಿ ವಾಪಸು ಬಂದಳು. ಸುರುಳಿ ಬೇಗ ಬೇಗ ಮುಗಿಯತೊಡಗಿತು. ಇದೇನು ಮಗುವೋ ಕಾರ್ಖಾನೆಯೋ ಎಂದು ಅಣ್ಣ ಬಾಯಿ ಬಿಟ್ಟರೆ, ಬೆಳೆಯುವ ಮಗು ಎಂದು ಅತ್ತಿಗೆ ಮಾತು ಮುಗಿಸುತ್ತಿದ್ದಳು. ಅವನಿಗೆ ನಾವು ಇವತ್ತಿಗೂ ಹೇಳಿಲ್ಲ.

ಒಂದು ಸಂಜೆ ಅತ್ತಿಗೆ ಎಂದಿನಂತೆ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಪುಟ್ಟಿ ಅಪ್ಪನ ಬಾಗಿಲು ಬಡಿಯುತ್ತಿದ್ದಳು. ಬಾಗಿಲು ತೆರೆಯಿತು. ಅಪ್ಪ ಅವಳನ್ನು ಎತ್ತಿಕೊಂಡು, ಇವಳದು ತುಂಬಿದೆ, ನಾನೇ ಬದಲಾಯಿಸುತ್ತೇನೆ ಎಂದರು. ಸ್ವಲ್ಪ ಹೊತ್ತಿಗೆ ಬಚ್ಚಲ ಹತ್ತಿರ ಚಕ್ರ ತಿರುಗಿದ ಸದ್ದು ಬಂತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ತಿರುಗಿತು. ನಾನು ಅತ್ತಿಗೆಯ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು.

ಅಪ್ಪ ಪುಟ್ಟಿಯನ್ನು ಎತ್ತಿಕೊಂಡು ಹಾಲ್‌ಗೆ ಬಂದು, ಎಷ್ಟೋ ದಿನದ ಮೇಲೆ ನಮ್ಮ ನಡುವೆ ಕೂತರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು.

"ಒಳ್ಳೆ ಡಬ್ಬ ಕಣಮ್ಮ," ಎಂದರು ಅತ್ತಿಗೆಗೆ.

"ಮಗೂಗೆ ಬೇಕಿತ್ತು ಮಾವ," ಎಂದಳು ಅವಳು.

ಅವರು ಪುಟ್ಟಿಯ ತಲೆ ನೇವರಿಸುತ್ತ ಕುಡಿಯಲು ನೀರು ಕೇಳಿದರು. ನಾನು ತುಂಬಿದ ಲೋಟ ತಂದುಕೊಟ್ಟೆ. ಪೂರ್ತಿ ಕುಡಿದರು, ಮತ್ತೆ ಲೋಟ ಚಾಚಿದರು.